‘ಜಗತ್ತಿನಲ್ಲೇ ಅತ್ಯುತ್ತಮ’ ಎಂದವರು ಯಾರು?

‘ಜಗತ್ತಿನಲ್ಲೇ ಅತ್ಯುತ್ತಮ, ಬಳಸಲು ಅತಿ ಸರಳ, ನೂರಕ್ಕೆ ನೂರು ನಿಖರ ಫಲಿತಾಂಶ ಕೊಡುವ ತಂತ್ರಾಂಶ.’ ಲಕ್ಷ್ಮೇಶ್ವರದ ಒಬ್ಬ ಸಿವಿಲ್ ವಿದ್ಯಾರ್ಥಿ ಕನ್ನಡ ವಿಕಿಪೀಡಿಯಕ್ಕೆಂದು ಬರೆದು ತಂದ ಲೇಖನ ಹೀಗೆ ಶುರುವಾಗಿತ್ತು. ಕಟ್ಟಡಗಳ ವಿನ್ಯಾಸಕ್ಕೆ ಬಳಸುವ ಒಂದು ತಂತ್ರಾಂಶದ ಕುರಿತು ಬರೆದಿದ್ದ. ಇದನ್ನು ಹೇಳಿದವರು ಯಾರಪ್ಪಾ ಎಂದು ಕೇಳಿದೆ.

“ಕಂಪನಿಯವರ ಬ್ರೋಷರಿನ್ಯಾಗ ಐತ್ರಿ ಮೇಡಂ. ಮಾಡಿದವರಿಗಿಂತ ಚಲೋ ಮತ್ಯಾರಿಗೆ ಗೊತ್ತಿರತೈತ್ರಿ?”

ಕೇಳಿದ್ದು ನ್ಯಾಯವಾಗಿಯೇ ಇತ್ತು. ತಂತ್ರಾಂಶದ ಒಳಹೊರಗು ಮಾಡಿದವರಿಗೇ ಗೊತ್ತು. ಆದರೆ ಅದನ್ನು ಮಾರಬೇಕಾದವರೂ ಅವರೇ. ವಿಶ್ವಕೋಶ ಓದುವವನು ಕೊಳ್ಳಲು ಬಂದವನಲ್ಲ, ತಿಳಿಯಲು ಬಂದವನು.

ಗದಗ-ಬೆಟಗೇರಿಯಲ್ಲಿ ಮನೆ, ಗೋದಾಮು, ನೀರಿನ ಟ್ಯಾಂಕುಗಳ ಸ್ಟ್ರಕ್ಚರಲ್ ಡಿಸೈನ್ ಮಾಡುವುದು ನನ್ನ ಕೆಲಸ. ಮುಂಡರಗಿ ಕಡೆಯ ಎರಿಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮಣ್ಣಿನ ಪರೀಕ್ಷೆ ಮಾಡಿಸಿ ಅದರ ಗುಣವನ್ನು ನಾವೇ ಲೆಕ್ಕಕ್ಕೆ ತರದಿದ್ದರೆ ಯಾವ ತಂತ್ರಾಂಶಕ್ಕೂ ಅದು ತಾನಾಗಿ ತಿಳಿಯುವುದಿಲ್ಲ. ‘ನೂರಕ್ಕೆ ನೂರು ನಿಖರ’ ಎಂಬುದನ್ನು ನಂಬಿ ಒಬ್ಬ ಹೊಸ ಎಂಜಿನಿಯರ್ ಪಾಯ ಹಾಕಿಸಿದರೆ ಗೋಡೆ ಸೀಳುವುದು ಯಾರದೋ ಮನೆಯದು. ನನ್ನ ಸಿಟ್ಟೆಲ್ಲ ಆ ಸಾಲಿನ ಮೇಲೆ.

ಇಂಥ ಕುರುಡು ನಂಬಿಕೆಗೆ ನಾರ್ವೆಯ ಸ್ಲೈಪ್ನರ್-ಎ ದೊಡ್ಡ ಪಾಠ. ಸಮುದ್ರದಲ್ಲಿ ನಿಲ್ಲಿಸಬೇಕಿದ್ದ ಆ ವೇದಿಕೆಯ ಕಾಂಕ್ರೀಟ್ ಬುನಾದಿ 1991ರ ಆಗಸ್ಟ್ 23ರಂದು ಪರೀಕ್ಷೆಯ ವೇಳೆಯೇ ಮುಳುಗಿತು. ಲೆಕ್ಕ ಹಾಕಿದ್ದು ನಾಸಾಕ್ಕಾಗಿ ಹುಟ್ಟಿದ ಹೆಸರಾಂತ ತಂತ್ರಾಂಶ ನಾಸ್ಟ್ರಾನ್‌ನಲ್ಲಿ. ಗೋಡೆಗಳು ಕೂಡುವ ಕಡೆ ಲೆಕ್ಕಕ್ಕೆಂದು ರಚನೆಯನ್ನು ಸಣ್ಣ ತುಂಡುಗಳಾಗಿ ಒಡೆಯುವ ಜಾಲ, ಅಂದರೆ ಮೆಶ್, ಒರಟಾಗಿದ್ದರಿಂದ ಶಿಯರ್ ಒತ್ತಡ ನಿಜಕ್ಕಿಂತ ಶೇಕಡಾ 47ರಷ್ಟು ಕಡಿಮೆ ಬಂದಿತ್ತು. ಕಾಂಕ್ರೀಟಿನೊಳಗೆ ಸರಳುಗಳ ಹಿಡಿತ (ಆಂಕರೇಜ್) ಕೂಡ ಸಾಲದಾಗಿತ್ತು. ನಾಸ್ಟ್ರಾನ್ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ಅದು ಪ್ರಚಾರ. ‘ನಾಸ್ಟ್ರಾನ್‌ನಿಂದಲೇ ಮುಳುಗಿತು’ ಎಂದರೆ ಅಪಪ್ರಚಾರ. ಮೆಶ್ ಮಾಡಿದವರ ಕೈ, ಪರಿಶೀಲಿಸಿದವರ ಕಣ್ಣು ಎಲ್ಲವೂ ಆ ಕಥೆಯಲ್ಲಿವೆ. ತಟಸ್ಥವಾಗಿ ಬರೆಯುವುದೆಂದರೆ ಇಷ್ಟನ್ನೂ ಅದರದರ ಅಳತೆಯಲ್ಲಿ ಹೇಳುವುದು.

2001ರಲ್ಲಿ ಶುರುವಾದ ವಿಕಿಪೀಡಿಯದ ಮೂಲ ನಿಯಮಗಳಲ್ಲಿ ತಟಸ್ಥ ದೃಷ್ಟಿಕೋನವೂ ಒಂದು. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕು ಎಂಬ ಷರತ್ತು 2014ರಲ್ಲಿ ಸೇರಿತು. ಆದರೂ ಮರುವರ್ಷವೇ ಇಂಗ್ಲಿಷ್ ವಿಕಿಪೀಡಿಯ, ಗುಟ್ಟಾಗಿ ಹಣ ಪಡೆದು ಪ್ರಚಾರ ಲೇಖನ ಬರೆಯುತ್ತಿದ್ದ ಜಾಲವೊಂದರ 381 ಖಾತೆಗಳನ್ನು ತಡೆಹಿಡಿಯಬೇಕಾಯಿತು. ಅಲ್ಲಿ ಕಾಯುವ ಕಣ್ಣುಗಳು ಬಹಳ. ಕನ್ನಡ ವಿಕಿಪೀಡಿಯ 2003ರಿಂದ ಇದ್ದರೂ ತಿದ್ದುವವರು ಕೆಲವೇ ಮಂದಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ಸಂಪಾದಕ ಮಂಡಳಿಯಿತ್ತು, ಇಲ್ಲಿ ಬರೆಯುವ ನಾವೇ ಮಂಡಳಿ. ಇಂಗ್ಲಿಷಿನಿಂದ ಅನುವಾದವಾಗಿ ಬಂದ ಹೊಗಳಿಕೆ ಅಲ್ಲಿ ಅಳಿಸಿಹೋದ ಮೇಲೂ ಇಲ್ಲಿ ವರ್ಷಗಟ್ಟಲೆ ಉಳಿದುಬಿಡಬಹುದು.

ಆ ಹುಡುಗನ ಜತೆ ಕೂತು ಒಂದೊಂದೇ ಸಾಲು ನೋಡಿದೆವು. ‘ಅತ್ಯುತ್ತಮ’ ಹೋಯಿತು. ದೊಡ್ಡ ದೊಡ್ಡ ಗ್ರಾಹಕರ ಪಟ್ಟಿ ಹೋಯಿತು. ಕಂಪನಿ ತನಗೆ ತಾನೇ ಕೊಟ್ಟುಕೊಂಡಂತಿದ್ದ ಪ್ರಶಸ್ತಿಯೂ ಹೋಯಿತು. ತಯಾರಕರು, ಮೊದಲ ಆವೃತ್ತಿಯ ವರ್ಷ, ಲೆಕ್ಕದ ವಿಧಾನ, ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕಾಂಕ್ರೀಟ್ ವಿನ್ಯಾಸ ಮಾಡುತ್ತದೆಯೇ, ಪರವಾನಗಿ ಎಂಥದು, ಇವು ಉಳಿದವು. ಇಂಥ ಒಣ ಸಂಗತಿಗಳನ್ನು ಕಂಪನಿಯ ಕಾಗದದಿಂದ ತೆಗೆದುಕೊಂಡರೆ ತಪ್ಪಿಲ್ಲ. ಗುಣದ ಮಾತಿಗೆ ಮಾತ್ರ ಹೊರಗಿನವರ ಸಾಕ್ಷಿ ಬೇಕು: ಪಠ್ಯಪುಸ್ತಕ, ಸಂಶೋಧನಾ ಪ್ರಬಂಧ, ಸ್ವತಂತ್ರ ವಿಮರ್ಶೆ.

“ಹಂಗಂದ್ರ ಲೇಖನ ಸಪ್ಪಗ ಆಗತೈತಲ್ರಿ” ಎಂದು ಮುಖ ಸಣ್ಣ ಮಾಡಿದ. ಆಟೋಕ್ಯಾಡ್‌ನ ಉದಾಹರಣೆ ಕೊಟ್ಟೆ. ‘ಕ್ರಾಂತಿ ಮಾಡಿತು’ ಎಂದು ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ. ನಕ್ಷೆ ಬಿಡಿಸುವ ಕ್ಯಾಡ್ ಕೆಲಸಕ್ಕೆ ಹೆಚ್ಚಾಗಿ ದೊಡ್ಡ ಕಂಪ್ಯೂಟರುಗಳೇ ಬೇಕಾಗಿದ್ದ ಕಾಲದಲ್ಲಿ, 1982ರ ಡಿಸೆಂಬರ್‌ನಲ್ಲಿ, ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಿ ನಡೆಯುವಂತೆ ಅದು ಬಂತು ಎಂದು ಬರೆದರೆ ಕ್ರಾಂತಿಯೋ ಅಲ್ಲವೋ ಓದುಗನೇ ಹೇಳುತ್ತಾನೆ. ಪುಕ್ಕಟೆ ಸಿಗುವ ಫ್ರೀಕ್ಯಾಡ್ ನನಗೆ ಬಹಳ ಇಷ್ಟ. ‘ದುಬಾರಿ ತಂತ್ರಾಂಶಗಳಿಗೆಲ್ಲ ಸರಿಸಾಟಿ’ ಎಂದು ಅದರ ಲೇಖನದಲ್ಲಿ ಕಂಡರೆ ಅಲ್ಲಿಯೂ ಆಧಾರ ಕೇಳುತ್ತೇನೆ.

ಶಿರಹಟ್ಟಿ, ಮುಂಡರಗಿಯ ಹುಡುಗ-ಹುಡುಗಿಯರು ಡಿಪ್ಲೊಮಾ ಮುಗಿಸಿ ಸಾಫ್ಟ್‌ವೇರ್ ಕೋರ್ಸು ಹುಡುಕಿಕೊಂಡು ಗದಗಕ್ಕೆ ಬರುತ್ತಾರೆ. ಫೀಸು ಅಪ್ಪನ ಹತ್ತಿ, ಕಡಲೆ ಮಾರಿದ ದುಡ್ಡು. ಯಾವುದನ್ನು ಕಲಿಯಬೇಕೆಂದು ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕುವವರಿಗೆ ಸಿಗುವುದು ಬಹುಪಾಲು ಜಾಹೀರಾತು. ಜಾಹೀರಾತಲ್ಲದ ಒಂದು ಪುಟವಾದರೂ ಅವರಿಗೆ ಸಿಗಬೇಕು.

ಲಕ್ಷ್ಮೇಶ್ವರದ ಹುಡುಗನ ಲೇಖನ ಈಗ ಮೊದಲಿನ ಅರ್ಧದಷ್ಟೂ ಇಲ್ಲ. ‘ಮಿತಿಗಳು’ ಎಂಬ ಹೊಸ ಭಾಗವನ್ನು ಅವನೇ ತೆರೆದಿದ್ದಾನೆ. ಅದಕ್ಕೆ ಆಧಾರವಾಗುವ ಪ್ರಬಂಧಗಳನ್ನು ಕಾಲೇಜಿನ ಲೈಬ್ರರಿಯಲ್ಲಿ ಹುಡುಕುತ್ತಿದ್ದಾನೆ.