ಹಳೇ ರಸ್ತೆಯ ಗೊಂಬೆ ಅಂಗಡಿಗೆ ನಾಳೆ ಶೂಟಿಂಗು

ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯಲ್ಲಿ ಗೊಂಬೆ ಅಂಗಡಿ ಇಟ್ಟವರಿಗೆ ಒಂದು ಕಾಲದಲ್ಲಿ ಜಾಹೀರಾತು ಬೇಕಿರಲಿಲ್ಲ. ರಸ್ತೆಯೇ ಜಾಹೀರಾತು. ಮೈಸೂರಿಗೆ ಹೊರಟ ಕಾರು ಇಲ್ಲಿ ನಿಲ್ಲಬೇಕು, ಹಿಂದಿನ ಸೀಟಿನ ಮಗು ಮರದ ಕುದುರೆ ನೋಡಿ ಅಳಬೇಕು, ಅಪ್ಪ ಜೇಬಿಗೆ ಕೈ ಹಾಕಬೇಕು. ಇಷ್ಟೇ ವ್ಯಾಪಾರ. 2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಕಾರುಗಳು ಊರಾಚೆಯ ಬೈಪಾಸಿನಲ್ಲಿ ಭರ್ರನೆ ಹೋಗತೊಡಗಿದವು. ಹಳೇ ರಸ್ತೆಗೆ ಉಳಿದದ್ದು ಊರೊಳಗೆ ನಿಲ್ಲುವ ಬಸ್ಸು, ಆಟೋ, ಮತ್ತು ಅಂಗಡಿ ಮುಂದೆ ಹರಟೆಗೆ ಕೂರುವ ಸ್ನೇಹಿತರು. ಹರಟೆಗೆ ಬಂದವರು ಗೊಂಬೆ ಕೊಳ್ಳುವುದಿಲ್ಲ ಎಂಬುದು ಅಂಗಡಿಕಾರರಿಗೆಲ್ಲ ಗೊತ್ತು.

ಇಂಥ ಒಂದು ಅಂಗಡಿಯ ಯಜಮಾನರು ಈಗ ಮೊಬೈಲಿನಲ್ಲಿ ಓಡುವ ವೀಡಿಯೋ ಮಾಡಿಸಲು ಹೊರಟಿದ್ದಾರೆ. ಕೆಲಸ ಹಿಡಿದವನು ಮದುವೆ, ನಾಮಕರಣ ಚಿತ್ರ ತೆಗೆದು ಕೈ ಪಳಗಿದ ಒಬ್ಬ ತರುಣ. ಮದುವೆ ಮನೆಯಲ್ಲಿ ನಡೆದದ್ದನ್ನು ತೆಗೆದರೆ ಮುಗಿಯಿತು, ಅಂಗಡಿಯಲ್ಲಿ ಏನು ನಡೆಯಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಅದಕ್ಕೇ ಶೂಟಿಂಗು ನಾಳೆಯಾದರೂ ಅವನು ಇವತ್ತೇ ಬಂದು ಕೂತ.

‘ಯಾರು ನೋಡ್ಬೇಕು ಸಾರ್ ಇದನ್ನ?’

‘ಎಲ್ರೂ ನೋಡ್ಬೇಕಪ್ಪ. ದುಡ್ಡು ಕೊಡ್ತಿಲ್ವಾ?’

ಯಜಮಾನರ ಪಟ್ಟಿ ಉದ್ದವಿತ್ತು. ಡ್ರೋನು ಹಾರಬೇಕು. ಹಿಟ್ ಸಿನಿಮಾ ಹಾಡು ಬೇಕು. ಮೊದಲು ತೀರಿಕೊಂಡ ತಂದೆಯ ಹಾರ ಹಾಕಿದ ಫೋಟೋ, ಆಮೇಲೆ ತಾವು ಕೈ ಮುಗಿದು ನಿಂತಿರುವ ದೃಶ್ಯ.

‘ಮೇಲಿಂದ ಏನ್ ಕಾಣುತ್ತೆ ಸಾರ್? ನಿಮ್ಮ ತಗಡಿನ ಶೀಟು, ಪಕ್ಕದವರ ನೀರಿನ ಟ್ಯಾಂಕು.’ ಡ್ರೋನು ಅಲ್ಲಿಗೆ ಇಳಿಯಿತು. ಹಾಡಿನ ಹಕ್ಕು ಆಡಿಯೋ ಕಂಪನಿಯದು, ವ್ಯಾಪಾರದ ಜಾಹೀರಾತಿಗೆ ಕೇಳದೆ ಹಾಕಿಕೊಂಡರೆ ವೀಡಿಯೋ ಮೂಕಾಗಬಹುದು, ಇಲ್ಲವೇ ಮಾಯವಾಗಬಹುದು. ಹಾಡೂ ಹೋಯಿತು. ತಂದೆಯ ಫೋಟೋ ವಿಷಯಕ್ಕೆ ಮಾತ್ರ ತರುಣ ಬಾಯಿ ಬಿಡಲಿಲ್ಲ. ಕಡೆಗೆ ಅವನೇ ಲೇತಿನ ಹಿಂದಿನ ಗೋಡೆ ತೋರಿಸಿದ. ಫೋಟೋ ಅಲ್ಲೇ ತೂಗುಹಾಕಿತ್ತು. ಕೆಲಸ ತೋರಿಸುವಾಗ ತಂತಾನೇ ಕಾಣುತ್ತದೆ. ಯಜಮಾನರು ಒಪ್ಪಿದರು.

‘ಫೋನ್ ಮಾಡಿ ಗೊಂಬೆ ತರಿಸ್ಕೊಳ್ಳೋರು ಏನ್ ಕೇಳ್ತಾರೆ?’ ಎಂಬುದು ಮುಂದಿನ ಪ್ರಶ್ನೆ.

‘ಇನ್ನೇನ್ ಕೇಳ್ತಾರೆ, ಬೆಂಗಳೂರಿನ ತಾಯಂದಿರು. ಮಗು ಬಾಯಿಗಿಟ್ರೆ ಬಣ್ಣ ಬಿಡುತ್ತಾ ಅಂತಾರೆ.’

ಡ್ರೋನು, ಹಾಡು, ನಮಸ್ಕಾರ ಎಲ್ಲಕ್ಕಿಂತ ಈ ಒಂದು ಮಾತಿಗೆ ಬೆಲೆ ಹೆಚ್ಚು. ವೀಡಿಯೋ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು ಎಂದು ತೀರ್ಮಾನವಾಯಿತು. ‘ನೂರಕ್ಕೆ ನೂರು ಸುರಕ್ಷಿತ ಅಂತ ದೊಡ್ಡಕ್ಷರದಲ್ಲಿ ಹಾಕ್ಬಿಡು’ ಎಂದರು ಯಜಮಾನರು. ‘ಟೆಸ್ಟ್ ಮಾಡ್ಸಿದ ಕಾಗದ ಐತಾ?’ ಇರಲಿಲ್ಲ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಜಿಐ ನೋಂದಣಿಯ ಸರಕಿಗೂ ವಿನಾಯಿತಿ ಉಂಟು. ಆದರೆ ವಿನಾಯಿತಿ ಬೇರೆ, ಪರೀಕ್ಷೆಯ ಸರ್ಟಿಫಿಕೇಟು ಬೇರೆ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ಕಾಯಿದೆಯಲ್ಲಿ ದಂಡವೂ ಇದೆ. ದೊಡ್ಡಕ್ಷರ ಬಿಟ್ಟು, ಅರಗಿಗೆ ಏನು ಬೆರೆಸುತ್ತಾರೆ, ಹೇಗೆ ಹಚ್ಚುತ್ತಾರೆ ಎಂದು ತೋರಿಸುವುದೆಂದಾಯಿತು. ಅಂಗಡಿಯ ಮೂರು ಸಾಲು ಪ್ಲಾಸ್ಟಿಕ್ ಆಟಿಕೆ ಕೆಮರಾಗೆ ಬೀಳಬಾರದು ಎಂದೂ ಆಯಿತು. ‘ಅದೂ ಮಾರಾಟಕ್ಕಿರೋದೇ ಕಣಯ್ಯಾ’ ಎಂದು ಯಜಮಾನರು ಗೊಣಗಿದರು. ಬಾಡಿಗೆ ಕಟ್ಟುತ್ತಿರುವುದು ಪ್ಲಾಸ್ಟಿಕ್ಕೇ ಇರಬಹುದು.

ಇನ್ನು ಲೇತು. ಆಲೆಮರದ ತುಂಡು ಗಿರಗಿರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕಚ್ಚುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ಬೋಳು ಮರ ಕೆಂಪಾಗುವ ಆ ಗಳಿಗೆ ಕೆಲವೇ ಸೆಕೆಂಡು. ಕೆಮರಾ ತಪ್ಪಿಸಿಕೊಂಡರೆ ಅದೇ ತುಂಡಿನಲ್ಲಿ ಮತ್ತೆ ತೆಗೆಯುವಂತಿಲ್ಲ, ಇನ್ನೊಂದು ಬೋಳು ತುಂಡು ಬೇಕು. ಹಾಗಾಗಿ ಇಂದೇ ಹನ್ನೆರಡು ತುಂಡು ಕಡೆದು ಇಡಬೇಕೆಂದಾಯಿತು. ನಷ್ಟವೇನಿಲ್ಲ, ಬಣ್ಣ ಹತ್ತಿದ ಮೇಲೆ ಮಾರಬಹುದು.

ಟ್ಯೂಬ್‌ಲೈಟಿನ ಕೆಳಗೆ ಮೊಬೈಲು ಹಿಡಿದು ನೋಡಿದಾಗ ಪರದೆ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದವು. ಇಲ್ಲಿನ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಹಳೇ ಟ್ಯೂಬು ಅದಕ್ಕೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದು, ಕೆಮರಾಗೆ ಕಾಣುತ್ತದೆ. 25 ಫ್ರೇಮಿಗೆ ಇಟ್ಟು, ಷಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಕಟ್ಟಿದ ಮೇಲೆ ಪಟ್ಟೆ ಹೋಯಿತು. ಲೇತಿನ ಸದ್ದಿಗೆ ಮಾತು ಕೇಳದು. ಮಾತನ್ನು ಲೇತು ನಿಲ್ಲಿಸಿ, ಕಾಲರಿಗೆ ಮೈಕು ಸಿಕ್ಕಿಸಿ ಬೇರೆ ತೆಗೆಯಬೇಕು. ಬಸ್ಸಿನ ಹಾರನ್ನಿಗೆ ಮಾತ್ರ ಯಾರ ಬಳಿಯೂ ಮದ್ದಿಲ್ಲ.

ದುಡ್ಡಿನ ಮಾತು ಬೇಗ ಮುಗಿಯಿತು: ಅರ್ಧ ಮುಂಗಡ, ಉಳಿದದ್ದು ಕೈಗೆ ಬಂದಾಗ. ಹಣ ಕೊಟ್ಟು ಮಾಡಿಸಿದ ಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಮಾಡಿಸಿದವರದೇ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯಿದೆ. ಆದರೂ ಬಿಲ್ ಪುಸ್ತಕದ ಹಿಂಬದಿಯಲ್ಲಿ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿದರು.

ಎಲ್ಲ ಆಯಿತು ಎನ್ನುವಾಗ ಲೇತಿನ ಮುಂದೆ ಕೂತಿದ್ದ ಹಿರಿಯ ಕೆಲಸಗಾರರು ಕೇಳಿದರು: ‘ನಾಳೆ ಮಧ್ಯಾಹ್ನದವರೆಗೂ ನಿಲ್ಸಿ ಓಡ್ಸಿ, ನಿಲ್ಸಿ ಓಡ್ಸಿ ಅಂತೀರ. ನನ್ನ ಪೀಸಿನ ಲೆಕ್ಕ?’

ಆ ಲೆಕ್ಕ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅವರಿಗೆ ಸಂಬಳವಿಲ್ಲ, ಕಡೆದಷ್ಟು ಗೊಂಬೆಗೆ ಕೂಲಿ. ವೀಡಿಯೋದಲ್ಲಿ ಕಾಣಬೇಕಾದ ಕೈ ಅವರದೇ, ಆ ಹೊತ್ತಿನ ಕೂಲಿ ಕಳೆಯುವುದೂ ಅವರದೇ. ಯಜಮಾನರು ತರುಣನನ್ನು ನೋಡಿದರು, ತರುಣ ಟ್ಯೂಬ್‌ಲೈಟನ್ನು ನೋಡಿದ. ‘ಅರ್ಧ ದಿನದ ಪೀಸು ನಾನು ಹಾಕ್ಕೊಡ್ತೀನಿ ಬಿಡು’ ಎಂದು ಯಜಮಾನರು ಹೇಳಿ, ಅದನ್ನೂ ಬಿಲ್ ಪುಸ್ತಕದ ಹಿಂದೆ ಬರೆಸಿದರು.

ಕೆಲಸಗಾರರ ಮಾತು ಅಲ್ಲಿಗೂ ಮುಗಿದಿರಲಿಲ್ಲ. ‘ಬರೀ ಕೈ ತೆಗೀತೀರಂತೆ. ಮುಖ ಬರಲ್ವಾ?’

ತರುಣ ಪಟ್ಟಿ ತೆಗೆದು ಕೊನೆಯಲ್ಲಿ ಇನ್ನೊಂದು ದೃಶ್ಯ ಸೇರಿಸಿಕೊಂಡ. ನಾಳೆ ಬೆಳಿಗ್ಗೆ ಎಂಟೂವರೆಗೆ, ಕರೆಂಟು ಹೋಗುವ ಮುಂಚೆ, ಅದನ್ನೇ ಮೊದಲು ತೆಗೆಯುವುದಂತೆ.