ಉಪಗ್ರಹಕ್ಕೆ ಕಣ್ಣು ಕೊಡುವ ವಿಜ್ಞಾನ

ರಾಕೆಟ್ ಹಾರುವುದನ್ನು ನಾವೆಲ್ಲ ಟಿವಿ ಮುಂದೆ ಕೂತು ನೋಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ ರಾಕೆಟ್ಟಿನ ಕೆಲಸ ಮುಗಿಯಿತು. ಉಪಗ್ರಹದ ಕೆಲಸ ಆಗಷ್ಟೇ ಶುರು. ಭೂಮಿಯನ್ನು ನೋಡಲೆಂದೇ ಹೋದ ಉಪಗ್ರಹದಲ್ಲಿ ಆ ಕೆಲಸ ಮಾಡುವುದು ಸಂವೇದಕ, ಅಂದರೆ ಸೆನ್ಸರ್. ಇಸ್ರೋದ ಇಂಥ ಐವತ್ತಕ್ಕೂ ಹೆಚ್ಚು ಸೆನ್ಸರ್‌ಗಳ ವಿನ್ಯಾಸ ಮತ್ತು ನಿರ್ಮಾಣದಲ್ಲಿ ಮುಖ್ಯ ಪಾತ್ರ ವಹಿಸಿದವರು ನಮ್ಮ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. ಅವರು 2015ರಿಂದ 2018ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದದ್ದು ಬಹಳ ಜನಕ್ಕೆ ಗೊತ್ತು. ಅದಕ್ಕೂ ಮುಂಚೆ ನಾಲ್ಕು ದಶಕ ಅವರು ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ಉಪಗ್ರಹ ಹೇಗೆ ನೋಡುತ್ತದೆ ಎಂಬುದು ಗೊತ್ತಿರಬೇಕು.

1975ರಲ್ಲಿ ಅವರು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಸೇರಿದರು. ಮೊದಲ ಹೊಣೆ, ಭಾಸ್ಕರ ಉಪಗ್ರಹದ ಟಿವಿ ಕ್ಯಾಮೆರಾ. 1979ರಲ್ಲಿ ಸೋವಿಯತ್ ರಾಕೆಟ್ ಏರಿ ಹೋದ ಭಾಸ್ಕರದ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ. ಒಂದು ಊರು, ಅದರ ಕೆರೆ, ಗದ್ದೆ ಎಲ್ಲ ಸೇರಿ ಒಂದೇ ಚುಕ್ಕೆ!

1988ರ ಐಆರ್‌ಎಸ್-1ಎ ಹೊತ್ತಿಗೆ ವಿಧಾನವೇ ಬದಲಾಗಿತ್ತು. ಅದರ ಕ್ಯಾಮೆರಾದಲ್ಲಿ ಬೆಳಕು ಗ್ರಹಿಸುವ 2048 ಪುಟ್ಟ ಕಣಗಳು ಒಂದೇ ಸಾಲಿನಲ್ಲಿದ್ದವು. ಜೆರಾಕ್ಸ್ ಯಂತ್ರದ ಗಾಜಿನಡಿ ಬೆಳಕಿನ ಪಟ್ಟಿ ಸರಿದುಹೋಗುತ್ತದಲ್ಲ, ಹಾಗೆ ಉಪಗ್ರಹ ಮುಂದೆ ಸಾಗಿದಂತೆ ಈ ಸಾಲು ನೆಲವನ್ನು ಗೆರೆಗೆರೆಯಾಗಿ ಓದುತ್ತಿತ್ತು. ಒಂದು ಕಣಕ್ಕೆ 72.5 ಮೀಟರ್ ನೆಲ. 2048 ಕಣಕ್ಕೆ 148 ಕಿಲೋಮೀಟರ್ ಅಗಲ. ಉಪಗ್ರಹದ ನೇರ ಕೆಳಗಿನ ಬಿಂದು ನೆಲದ ಮೇಲೆ ಸೆಕೆಂಡಿಗೆ ಸುಮಾರು ಆರೂವರೆ ಕಿಲೋಮೀಟರ್ ಓಡುವುದರಿಂದ, ಒಂದು ಗೆರೆ ಓದಲು ಸಿಗುತ್ತಿದ್ದದ್ದು ಸೆಕೆಂಡಿನ ತೊಂಬತ್ತನೇ ಒಂದು ಭಾಗ ಮಾತ್ರ.

ಇನ್ನೂ ಸಣ್ಣದು ಕಾಣಬೇಕೆಂದರೆ ಕಷ್ಟ ಎರಡು ಕಡೆಯಿಂದ ಬರುತ್ತದೆ. ನೋಡುವ ಜಾಗ ಚಿಕ್ಕದಾದಷ್ಟೂ ಅಲ್ಲಿಂದ ಬರುವ ಬೆಳಕು ಕಡಿಮೆ, ಅದನ್ನು ಹಿಡಿಯಲು ಸಿಗುವ ಸಮಯವೂ ಕಡಿಮೆ. 2001ರ ಟಿಇಎಸ್ ಉಪಗ್ರಹ ಒಂದು ಮೀಟರ್ ಗಾತ್ರದ್ದನ್ನು ಗುರುತಿಸಬೇಕಿತ್ತು. ಆಗ ವಿಜ್ಞಾನಿಗಳು ಒಂದು ಜಾಣ ದಾರಿ ಕಂಡುಕೊಂಡರು: ಮುಂದೆ ಓಡುತ್ತಲೇ ಉಪಗ್ರಹದ ಮೈಯನ್ನು ನಿಧಾನವಾಗಿ ಹಿಂದಕ್ಕೆ ವಾಲಿಸುವುದು. ಹೀಗೆ ಮಾಡಿದರೆ ನೋಟ ಅದೇ ಜಾಗದ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ, ಬೇಕಾದಷ್ಟು ಬೆಳಕು ಸಿಗುತ್ತದೆ.

ಚಿತ್ರ ಚೆನ್ನಾಗಿ ಕಂಡರೆ ಸಾಲದು, ಅದನ್ನು ನಂಬುವಂತಿರಬೇಕು. ಸಾಲಿನ ಕಣಗಳೆಲ್ಲ ಒಂದೇ ಬೆಳಕಿಗೆ ಒಂದೇ ಉತ್ತರ ಕೊಡುವುದಿಲ್ಲ. ಒಂದು ಕಣ ಮಂದವಾದರೂ ಚಿತ್ರದುದ್ದಕ್ಕೂ ಮಸುಕು ಗೆರೆ ಬೀಳುತ್ತದೆ. ಅದಕ್ಕೇ ಹಾರುವ ಮೊದಲೇ ಪ್ರಯೋಗಾಲಯದಲ್ಲಿ ಪ್ರತಿ ಕಣಕ್ಕೂ ಅಳತೆ ಮಾಡಿದ ಬೆಳಕು ಬಿಟ್ಟು, ಅದರ ಉತ್ತರವನ್ನು ಬರೆದಿಟ್ಟುಕೊಂಡು, ಮುಂದೆ ಬರುವ ಪ್ರತಿ ಚಿತ್ರವನ್ನೂ ಅದರಂತೆ ತಿದ್ದುತ್ತಾರೆ. ಈ ಲೆಕ್ಕ ಸರಿಯಿದ್ದರೆ ಮಾತ್ರ ಬೆಳೆಯ ವರದಿಯೂ ಸರಿ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ರೋಗ ಬಿದ್ದ ಎಲೆಯಲ್ಲಿ ಈ ಅಂತರ ಕುಗ್ಗುತ್ತದೆ. ಸೆನ್ಸರ್ ಹಿಡಿಯುವುದು ಆ ಅಂತರವನ್ನೇ.

ಮೋಡದ ಶಾಖ ಅಳೆಯುವ ಸೆನ್ಸರಿನ ಕಷ್ಟವೇ ಬೇರೆ. ತಾನೇ ಬೆಚ್ಚಗಿದ್ದರೆ ಅದು ತನ್ನ ಶಾಖವನ್ನೇ ಅಳೆದುಬಿಡುತ್ತದೆ. ಹಾಗಾಗಿ 2013ರಲ್ಲಿ ಹಾರಿದ ಇನ್ಸಾಟ್-3ಡಿಯಲ್ಲಿ ಅದನ್ನು ಸೊನ್ನೆಗಿಂತ ಸುಮಾರು 170 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿಟ್ಟರು. ಅದೇ ವರ್ಷ ಹೊರಟ ಮಂಗಳಯಾನದಲ್ಲಿ ಮಿತಿ ತೂಕದ್ದು. ಐದು ಉಪಕರಣಕ್ಕೆ ಒಟ್ಟು 15 ಕಿಲೋ ಸಿಕ್ಕಿತ್ತು. ಬಣ್ಣದ ಕ್ಯಾಮೆರಾ ಒಂದೂಕಾಲು ಕಿಲೋದಷ್ಟಿತ್ತು. 2014ರ ಸೆಪ್ಟೆಂಬರಿನಲ್ಲಿ 74,500 ಕಿಲೋಮೀಟರ್ ದೂರದಿಂದ ಇಡೀ ಮಂಗಳವನ್ನು ಒಂದೇ ಚಿತ್ರದಲ್ಲಿ ತೋರಿಸಿದ್ದು ಅದೇ.

ಕಿರಣ್ ಕುಮಾರ್ ಓದಿದ್ದು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಬಿ.ಎಸ್ಸಿ. ಸೇರಿದ ಮಕ್ಕಳನ್ನು 'ಇಂಜಿನಿಯರಿಂಗ್ ಸಿಗಲಿಲ್ಲವಾ?' ಎಂದು ಕೇಳುವವರು ಈ ದಾರಿಯನ್ನೊಮ್ಮೆ ನೋಡಬೇಕು. ಬೆಳಕು, ಮಸೂರ, ಅರೆವಾಹಕ, ಶಾಖ: ಪದವಿ ತರಗತಿಯ ಈ ಪಾಠಗಳೇ ಉಪಗ್ರಹದ ಕಣ್ಣಾಗುತ್ತವೆ. ಮನೆಯಲ್ಲಿ ಭೌತಶಾಸ್ತ್ರ ಇಷ್ಟಪಡುವ ಮಗುವಿದ್ದರೆ ದಯವಿಟ್ಟು ಓದಲು ಬಿಡಿ.