ನಾಳೆಯ ಕಥೆಗೆ ಇಂದಿನ ಸಂಭಾವನೆ

1974ರಲ್ಲಿ ಮುಂಬಯಿಯ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ ಎಂಬುವವರಿಂದ ‘ಕೃಷ್ಣವಿವರ’ ಎಂಬ ಕಥೆ ಬಂತು. ವಸ್ತು ಕಪ್ಪುಕುಳಿಯದು. ಜಗತಾಪ ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಕಥೆಗೆ ಮೊದಲ ಬಹುಮಾನ ಬಂತು. ಆಮೇಲೆ ತಿಳಿದದ್ದು: ಬರೆದವರು ಖಗೋಳವಿಜ್ಞಾನಿ ಜಯಂತ ವಿಷ್ಣು ನಾರಳೀಕರ. ಇಪ್ಪತ್ತಾರನೆಯ ವಯಸ್ಸಿಗೆ ಪದ್ಮಭೂಷಣ ಪಡೆದಿದ್ದ ಮನುಷ್ಯ, ತನ್ನ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ಒಬ್ಬ ಜಗತಾಪನನ್ನು ಹುಟ್ಟಿಸಿದ್ದರು. ಕೈಬರಹದ ಗುರುತು ಸಿಗಬಾರದೆಂದು ಹೆಂಡತಿ ಮಂಗಲಾ ಅವರಿಂದ ಕಥೆಯನ್ನು ಪ್ರತಿ ಮಾಡಿಸಿದ್ದರು. ಅಹಮದಾಬಾದಿನ ವಿಚಾರಸಂಕಿರಣವೊಂದರಲ್ಲಿ ಬೇಸರದ ಭಾಷಣ ಕೇಳುತ್ತ ಕೂತಾಗ ಆ ಕಥೆ ಶುರುವಾಯಿತಂತೆ.

ಮರುವರ್ಷ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷೆ ದುರ್ಗಾ ಭಾಗವತ ಈ ಹೊಸ ಬಗೆಯ ಬರವಣಿಗೆಯನ್ನು ಹೆಸರಿಸಿ ಮೆಚ್ಚಿದರು. ಅಲ್ಲಿಂದ ಮುಂದೆ ಬಾಳ ಫೊಂಡಕೆ, ಲಕ್ಷ್ಮಣ ಲೋಂಢೆ, ಸುಬೋಧ ಜಾವಡೇಕರ, ನಿರಂಜನ ಘಾಟೆ ಹೀಗೆ ಒಂದು ಸಾಲೇ ನಿಂತಿತು. 2021ರ ನಾಸಿಕ ಸಮ್ಮೇಳನಕ್ಕೆ ಸ್ವತಃ ನಾರಳೀಕರರೇ ಅಧ್ಯಕ್ಷರಾದರು. ವೈಜ್ಞಾನಿಕ ಕಥೆ ಬರೆದವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಬಂದ ಆ ದಾರಿ ಹೊರಟದ್ದು, ಹೆಸರು ನೋಡದೆ ಕಥೆ ಓದುವ ಒಂದು ಸ್ಪರ್ಧೆಯಿಂದ.

ಈ ಮಾತನ್ನು ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಹೇಳುವುದಕ್ಕೆ ಕಾರಣವಿದೆ. ನಾರಳೀಕರ ಹುಟ್ಟಿದ ಕೊಲ್ಲಾಪುರ ಇಲ್ಲಿಂದ ಎರಡು ತಾಸಿನ ದಾರಿ. ದೀಪಾವಳಿ ಬಂತೆಂದರೆ ಬೆಳಗಾವಿಯ ಪುಸ್ತಕದ ಅಂಗಡಿಗಳಲ್ಲಿ ಮರಾಠಿ ದಿವಾಳಿ ಅಂಕಗಳು ಮೊಳಕಾಲೆತ್ತರ ಬೀಳುತ್ತವೆ. ಅವುಗಳಲ್ಲಿ ‘ನವಲ’, ‘ಧನಂಜಯ’ದಂಥ ಸಂಚಿಕೆಗಳು ವಿಚಿತ್ರ, ಅದ್ಭುತ, ವೈಜ್ಞಾನಿಕ ಕಥೆಗಳಿಗೆಂದೇ ಹೆಸರಾದವು. ಆರ್‌ಪಿಡಿ ಕಾಲೇಜಿನ ಸುತ್ತ ಬೆಳೆದ ಹುಡುಗ ಹುಡುಗಿಯರು ಎರಡೂ ಭಾಷೆಯಲ್ಲಿ ಓದುತ್ತಾರೆ. ಮರಾಠಿಯಲ್ಲಿ ಇಂಥ ಕಥೆ ಬರೆಯುವವನಿಗೆ ಎಲ್ಲಿ ಕಳಿಸಬೇಕೆಂದು ಗೊತ್ತು. ಪಕ್ಕದ ಮನೆಯಲ್ಲಿ ಕನ್ನಡದಲ್ಲಿ ಬರೆಯುವವಳು ಮಾತ್ರ ಕೇಳುತ್ತಾಳೆ: ‘ಇದನ್ನ ಯಾರು ಹಾಕ್ತಾರ್ರೀ? ರೊಕ್ಕ ಕೊಡ್ತಾರೇನು?’ ನೇರವಾದ ಪ್ರಶ್ನೆ, ನೇರವಾದ ಉತ್ತರ ಸಲ್ಲಬೇಕು.

ಸ್ಪರ್ಧೆ ಅಂದರೆ ಹಗುರಾಗಿ ಕಾಣುವವರಿದ್ದಾರೆ. ಅವರಿಗೆ ಜಗದೀಶಚಂದ್ರ ಬೋಸರ ಕಥೆ ಹೇಳಬೇಕು. 1896ರಲ್ಲಿ ಕಲ್ಕತ್ತೆಯ ಹೇಮೇಂದ್ರಮೋಹನ ಬೋಸ್ ಎಂಬ ಉದ್ಯಮಿ ತಮ್ಮ ‘ಕುಂತಲೀನ’ ತಲೆಗೆಣ್ಣೆಯ ಹೆಸರಿನಲ್ಲಿ ಕಥಾಸ್ಪರ್ಧೆ ಇಟ್ಟರು. ಕಥೆಯಲ್ಲಿ ಎಣ್ಣೆಯ ಪ್ರಸ್ತಾಪ ಬರಬೇಕು, ಜಾಹೀರಾತಿನಂತೆ ಕಾಣಬಾರದು ಎಂಬುದು ಷರತ್ತು. ಭೌತವಿಜ್ಞಾನಿ ಬೋಸರು ಬರೆದ ಕಥೆಯಲ್ಲಿ ಕಲ್ಕತ್ತೆಯತ್ತ ಹೊರಟ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಸಮುದ್ರಕ್ಕೆ ಸುರಿದ ಒಂದು ಸೀಸೆ ಕುಂತಲೀನ ಅದನ್ನು ತಣಿಸಿರುತ್ತದೆ. ಎಣ್ಣೆ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ ಎಂಬ ಭೌತಶಾಸ್ತ್ರದ ಮೇಲೆ ಕಟ್ಟಿದ ಕಥೆ ಅದು. ಬಹುಮಾನವೂ ಬಂತು. ಭಾರತದ ಮೊದಮೊದಲ ವೈಜ್ಞಾನಿಕ ಕಥೆಗಳಲ್ಲಿ ಇದನ್ನು ಎಣಿಸುತ್ತಾರೆ. ಯಾರೋ ಕೇಳಿದರು, ದುಡ್ಡಿಟ್ಟರು, ಕೊನೆಯ ದಿನಾಂಕ ಗೊತ್ತುಮಾಡಿದರು. ಆದ್ದರಿಂದ ಒಬ್ಬ ವಿಜ್ಞಾನಿ ಕಥೆ ಬರೆದ.

ಕನ್ನಡದಲ್ಲಿ ಬರೆದವರಿಲ್ಲವೆಂದಲ್ಲ. ನಮ್ಮ ಪಕ್ಕದ ಧಾರವಾಡದ ರಾಜಶೇಖರ ಭೂಸನೂರಮಠರು ‘ಮನ್ವಂತರ’ದಂಥ ಕೃತಿಗಳಿಂದ ಈ ಪ್ರಕಾರಕ್ಕೆ ಕನ್ನಡದಲ್ಲಿ ನೆಲೆ ಕೊಟ್ಟರು. ಮನು ಅವರ ‘ಮಹಾಸಂಪರ್ಕ’ ಮಹಾಭಾರತವನ್ನು ಅನ್ಯಗ್ರಹದವರ ಸಂಪರ್ಕವಾಗಿ ಓದುವ ಧೈರ್ಯ ಮಾಡಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಿಂದ ಬಂದ ಚಂದ್ರಶೇಖರ ಕಂಬಾರರ ಶಿವಾಪುರವನ್ನು ನಾನಂತೂ ನಮ್ಮ ಭಾಷೆಯ ದೊಡ್ಡ ಕಲ್ಪಿತ ಲೋಕಗಳಲ್ಲಿ ಒಂದೆಂದು ಓದುತ್ತೇನೆ. ಬರಹ ಉಂಟು, ಓದುಗರೂ ಉಂಟು. ಇಲ್ಲದ್ದು ಇವರನ್ನು ವರ್ಷವರ್ಷ ಕರೆದು ಕೂಡಿಸುವ ಒಂದು ಬಾಗಿಲು.

ಹಾಗಿದ್ದರೆ ಸದ್ಯ ತೆರೆದಿರುವ ಬಾಗಿಲುಗಳು ಯಾವುವು? ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ಕನ್ನಡದ ಕಥೆಗಾರರನ್ನು ಗುರುತಿಸಿಕೊಂಡು ಬಂದಿದೆ. ‘ಉತ್ಥಾನ’ ವಾರ್ಷಿಕ ಕಥಾಸ್ಪರ್ಧೆ ನಡೆಸುತ್ತದೆ. ಬುಕ್ ಬ್ರಹ್ಮ ಸಂಸ್ಥೆ ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥೆಗೂ ಕಾದಂಬರಿಗೂ ಬಹುಮಾನ ಕೊಡುತ್ತದೆ. ಕಥೆಗಳು ಒಂದು ಸಂಕಲನಕ್ಕಾಗುವಷ್ಟಿದ್ದರೆ ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆ ಇದೆ. ಗೆದ್ದವರಿಗೆ ಬಹುಮಾನದ ಜೊತೆ ಪುಸ್ತಕವೂ ಆಗುತ್ತದೆ. ಮೂವತ್ತು ದಾಟದವರಿಗೆ ಟೋಟೋ ಪುರಸ್ಕಾರದಲ್ಲಿ ಕನ್ನಡಕ್ಕೆ ಪ್ರತ್ಯೇಕ ವಿಭಾಗವಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಇವ್ಯಾವುವೂ ವೈಜ್ಞಾನಿಕ ಕಥೆಗೆಂದೇ ಮೀಸಲಾದವಲ್ಲ. ಆದರೆ ಅದು ಬೇಡ ಎಂದೂ ಯಾವ ಪ್ರಕಟಣೆಯಲ್ಲಿಯೂ ಬರೆದಿರುವುದಿಲ್ಲ. ಮಂಗಳ ಗ್ರಹದ ಕಥೆಯನ್ನು ತೀರ್ಪುಗಾರರು ಬದಿಗಿಡುತ್ತಾರೆ ಎಂದು ಮೊದಲೇ ತೀರ್ಮಾನಿಸಿ, ಕಳಿಸುವ ಕಥೆಯನ್ನು ಊರ ಜಾತ್ರೆಗೆ ತಿರುಗಿಸುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ಮಂಗಳ ಗ್ರಹದಲ್ಲಿಯೂ ಯಾರೋ ಒಬ್ಬರು ತಾಯಿಗೆ ಪತ್ರ ಬರೆಯಬೇಕಾಗುತ್ತದೆ. ಆ ಪತ್ರ ಸರಿಯಾಗಿ ಬಂದರೆ ತೀರ್ಪುಗಾರರು ಓದುತ್ತಾರೆ.

ಕಳಿಸುವ ರೀತಿಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಕಥೆಗಳು ಸೋಲುವ ಮೊದಲೇ ಬಿದ್ದುಹೋಗುವುದು ಇಲ್ಲಿ. ಕಥೆಯ ಹಾಳೆಗಳ ಮೇಲೆ ಹೆಸರು, ವಿಳಾಸ, ಫೋನ್ ನಂಬರು ಯಾವುದೂ ಇರಬಾರದು. ಪುಟದ ತುದಿಯಲ್ಲಿ ಕಥೆಯ ಹೆಸರು ಮತ್ತು ಪುಟಸಂಖ್ಯೆ ಮಾತ್ರ. ಬೇರೊಂದು ಹಾಳೆಯಲ್ಲಿ ಹೆಸರು, ವಿಳಾಸ, ಇದು ಸ್ವಂತ ಕಥೆ, ಎಲ್ಲಿಯೂ ಪ್ರಕಟವಾಗಿಲ್ಲ, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ ಎಂಬ ದೃಢೀಕರಣ ಮತ್ತು ಸಹಿ. ಫೇಸ್‌ಬುಕ್ಕಿನಲ್ಲಿ ಗೆಳೆಯರಿಗೆಂದು ಹಾಕಿದರೂ ಪ್ರಕಟವಾದ ಹಾಗೆಯೇ ಎಂದು ಬಹುತೇಕ ಸ್ಪರ್ಧೆಗಳು ಹೇಳುತ್ತವೆ. ಪದಮಿತಿ 2,500 ಎಂದಿದ್ದರೆ 2,500ರೊಳಗೇ ಇರಲಿ. ಅಕ್ಷರ ನುಡಿಯಲ್ಲಿಯೋ ಯೂನಿಕೋಡಿನಲ್ಲಿಯೋ ಎಂದು ನೋಡಿಕೊಂಡೇ ಟೈಪು ಮಾಡಿಸಬೇಕು. ಅಕ್ಷರ ಒಡೆದು ಬಂದ ಕಥೆಯನ್ನು ಯಾವ ತೀರ್ಪುಗಾರನೂ ಓದಲಾರ. ಇನ್ನು ಕಥೆಯ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು, ಹಸ್ತಪ್ರತಿ ಮರಳಿ ಬರುವ ಕಾಲ ಹೋಯಿತು.

ಕನ್ನಡದ ಗೌರವಧನ ನೂರುಗಳಲ್ಲಿ, ಹೆಚ್ಚೆಂದರೆ ಕೆಲವು ಸಾವಿರಗಳಲ್ಲಿ ನಿಲ್ಲುತ್ತದೆ. ಅದನ್ನು ಕೊಡುವ ಪತ್ರಿಕೆಗಳ ಬಗ್ಗೆ ನನಗೆ ಗೌರವವಿದೆ. ಹೊರಗಿನ ಲೆಕ್ಕವನ್ನೂ ಒಮ್ಮೆ ನೋಡಬೇಕು. ಅಮೆರಿಕದ ವೈಜ್ಞಾನಿಕ ಹಾಗೂ ಫ್ಯಾಂಟಸಿ ಬರಹಗಾರರ ಸಂಘ ವೃತ್ತಿಪರ ದರವೆಂದು 2019ರಿಂದ ಇಟ್ಟದ್ದು ಪದಕ್ಕೆ 8 ಸೆಂಟು. ನಾಲ್ಕು ಸಾವಿರ ಪದದ ಕಥೆಗೆ 320 ಡಾಲರು. ಡಾಲರಿಗೆ 85 ರೂಪಾಯಿ ಹಿಡಿದರೆ 27,200 ರೂಪಾಯಿ. 2006ರಲ್ಲಿ ನೀಲ್ ಕ್ಲಾರ್ಕ್ ಆರಂಭಿಸಿದ ‘ಕ್ಲಾರ್ಕ್ಸ್‌ವರ್ಲ್ಡ್’ ಪತ್ರಿಕೆ ಇದಕ್ಕಿಂತ ಹೆಚ್ಚು ಕೊಡುತ್ತದೆ. ‘ರೈಟರ್ಸ್ ಆಫ್ ದಿ ಫ್ಯೂಚರ್’ ಎಂಬ ಹೊಸಬರ ಸ್ಪರ್ಧೆ 1980ರ ದಶಕದಿಂದ ನಡೆದಿದೆ. ಮೂರು ತಿಂಗಳಿಗೊಮ್ಮೆ ಮೊದಲ ಬಹುಮಾನ 1,000 ಡಾಲರು, ವರ್ಷದ ಅಗ್ರ ಬಹುಮಾನ 5,000 ಡಾಲರು. ಪ್ರವೇಶಶುಲ್ಕವಿಲ್ಲ, ಹೆಸರು ತೆಗೆದೇ ಓದುತ್ತಾರೆ. ಯಾವ ಪತ್ರಿಕೆ ಎಷ್ಟು ಕೊಡುತ್ತದೆ, ಎಷ್ಟು ದಿನಕ್ಕೆ ಉತ್ತರಿಸುತ್ತದೆ ಎಂದು ಹುಡುಕಿಕೊಡುವ ‘ಸಬ್‌ಮಿಷನ್ ಗ್ರೈಂಡರ್’ ಎಂಬ ಉಚಿತ ಸೂಚಿ ಕೂಡ ಇದೆ.

ಕಥೆ ಹೋಗಬೇಕಾದ್ದು ಇಂಗ್ಲಿಷಿನಲ್ಲಿ, ನಿಜ. ಆದರೆ ‘ಸ್ಟ್ರೇಂಜ್ ಹೊರೈಜನ್ಸ್’ ಪತ್ರಿಕೆಯ ಬಳಗದಲ್ಲಿ ‘ಸಮೋವರ್’ ಎಂಬ ಪತ್ರಿಕೆಯಿದೆ. ಅನುವಾದಿತ ವೈಜ್ಞಾನಿಕ, ಅದ್ಭುತ ಕಥೆಗಳಿಗೆಂದೇ ನಡೆಯುವಂಥದು, ಮೂಲವನ್ನೂ ಅನುವಾದವನ್ನೂ ಜೊತೆಗೆ ಪ್ರಕಟಿಸುತ್ತದೆ, ಲೇಖಕ ಮತ್ತು ಅನುವಾದಕ ಇಬ್ಬರಿಗೂ ಹಣ ಕೊಡುತ್ತದೆ. ಕನ್ನಡದ ಕಥೆಗೆ ನಾನು ಕಂಡ ಅತಿ ಹತ್ತಿರದ ದಾರಿ ಇದು. ಎರಡು ಮೂರು ಭಾಷೆ ಆಡುತ್ತ ಬೆಳೆಯುವ ಬೆಳಗಾವಿಯಲ್ಲಿ ಅನುವಾದಕರಿಗೇನು ಬರ? 2025ರ ಮೇ 20ರಂದು ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ 50,000 ಪೌಂಡು ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲಾಯಿತು. ಅದೇ ದಿನ ಬೆಳಗ್ಗೆ ಪುಣೆಯಲ್ಲಿ ನಾರಳೀಕರ ತೀರಿಕೊಂಡಿದ್ದರು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದೂ ಕನ್ನಡದ ಕಥೆಗಳಿಗೆ.

ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ ತಮ್ಮ ಊರಿನ ನಾಳೆಯನ್ನೇ ಕಾದಂಬರಿ ಮಾಡಿದರು. 2020ರಲ್ಲಿ ಭಾರತದಲ್ಲಿ ಬಂದ ಅದು, ಮುಂದೆ ‘ದಿ ಟೆನ್ ಪರ್ಸೆಂಟ್ ಥೀಫ್’ ಎಂಬ ಹೆಸರಿನಲ್ಲಿ ಹೊರದೇಶದಲ್ಲಿ ಪ್ರಕಟವಾಗಿ, 2024ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೇರಿತು. ಅವರು ಬರೆಯುವುದು ಇಂಗ್ಲಿಷಿನಲ್ಲಿ. ನೆಲ ಮಾತ್ರ ನಮ್ಮದೇ.

ಒಂದು ಎಚ್ಚರಿಕೆ. 2023ರ ಫೆಬ್ರುವರಿಯಲ್ಲಿ ‘ಕ್ಲಾರ್ಕ್ಸ್‌ವರ್ಲ್ಡ್’ ಕಥೆ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆ ತಿಂಗಳು 20ನೇ ತಾರೀಕಿನ ಹೊತ್ತಿಗೆ ಯಂತ್ರದಿಂದ ಬರೆಸಿದ 500ರಷ್ಟು ಕಥೆಗಳು ಬಂದು ಬಿದ್ದಿದ್ದವು. ಸುಲಭದ ದುಡ್ಡೆಂದು ಯಾರೋ ಹಬ್ಬಿಸಿದ್ದರ ಫಲ. ಪೆಟ್ಟು ಬಿದ್ದದ್ದು ನಿಜವಾಗಿ ಬರೆದು ಕಾಯುತ್ತಿದ್ದ ಹೊಸಬರಿಗೆ. ಈಗ ಪತ್ರಿಕೆಗಳು ಯಂತ್ರದ ಬರಹ ಬೇಡವೆಂದು ಸ್ಪಷ್ಟವಾಗಿ ಬರೆಯುತ್ತವೆ, ಅದನ್ನು ಮೀರಿದವರನ್ನು ಶಾಶ್ವತವಾಗಿ ಹೊರಗಿಡುತ್ತವೆ. ಸರಿಯಾದ ಕೆಲಸ.

ಇನ್ನೊಂದು ಎಚ್ಚರಿಕೆ ನಮ್ಮ ಊರುಕೇರಿಯದು. ಕಥೆ ಆಯ್ಕೆಯಾಗಿದೆ, ಸಂಕಲನದಲ್ಲಿ ಹಾಕಲು ಇಷ್ಟು ಹಣ ಕಳಿಸಿ, ಇಪ್ಪತ್ತು ಪ್ರತಿ ನೀವೇ ಕೊಳ್ಳಿ, ಫಲಕಕ್ಕೂ ಶಾಲಿಗೂ ಬೇರೆ ಶುಲ್ಕ ಎಂದು ಬರುವ ಕರೆಗಳು ಹೆಚ್ಚಿವೆ. ಗೆದ್ದವನಿಂದಲೇ ಹಣ ಕೇಳುವುದು ಸ್ಪರ್ಧೆಯಲ್ಲ, ವ್ಯಾಪಾರ. ಹಣ ಲೇಖಕನ ಕಡೆಗೆ ಹರಿಯಬೇಕು ಎಂದು ಈ ಕ್ಷೇತ್ರದ ಹಳಬರು ಹೇಳುವ ಸೂತ್ರವನ್ನು ಕಾಲೇಜು ಹುಡುಗರಿಗೆ ಮೊದಲು ಕಲಿಸಬೇಕು.

ಹಕ್ಕಿನ ವಿಷಯವನ್ನೂ ಕಲಿಸಬೇಕು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಕೊಟ್ಟವರ ಸಹಿ ಇರಬೇಕು. ಅವಧಿ ಬರೆದಿರದಿದ್ದರೆ ಐದು ವರ್ಷವೆಂದೇ ಅರ್ಥ. ಪ್ರದೇಶ ಹೇಳಿರದಿದ್ದರೆ ಭಾರತ ಮಾತ್ರ. ಅನುವಾದ, ಸಿನಿಮಾ, ಧ್ವನಿಪುಸ್ತಕ ಎಲ್ಲವೂ ಬೇರೆ ಬೇರೆ ಹಕ್ಕುಗಳು. ‘ಬಹುಮಾನಿತ ಕಥೆಯ ಸಕಲ ಹಕ್ಕು ಎಂದೆಂದಿಗೂ ಸಂಘಟಕರದು’ ಎಂಬ ಒಂದು ಸಾಲು ಪ್ರಕಟಣೆಯ ತಳದಲ್ಲಿದ್ದು, ನೀವು ಅದಕ್ಕೆ ಸಹಿ ಹಾಕಿದರೆ, ಐದು ಸಾವಿರದ ಬಹುಮಾನಕ್ಕೆ ಕಥೆಯ ಇಡೀ ಆಯುಷ್ಯವನ್ನು ಬರೆದುಕೊಟ್ಟ ಹಾಗೆ. ಅಂಥಲ್ಲಿಗೆ ಕಳಿಸಬೇಡಿ, ಅಥವಾ ಸಾಲನ್ನು ತೆಗೆಸಿ ಕಳಿಸಿ. ಒಂದೇ ಬಾರಿಯ ಪ್ರಕಟಣೆಯ ಹಕ್ಕು ಕೊಟ್ಟು ಮಿಕ್ಕದ್ದನ್ನು ಉಳಿಸಿಕೊಂಡವರಷ್ಟೇ ಮುಂದೆ ‘ಸಮೋವರ್’ಗೆ ಕಳಿಸಬಲ್ಲರು.

ವಸ್ತುವಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಬ್ರಿಟಿಷರ ಕಾಲದಿಂದ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹೆಸರು ಮತ್ತು ಮರಗಳು ಉಳಿದವು. ಖಾನಾಪುರದ ಕಾಡಿನೊಳಗೆ, ಭೀಮಗಡದ ಬಾರಾಪೇಡೆ ಗವಿಯಲ್ಲಿ 1912ರಲ್ಲಿ ಒಂದು ಬಾವಲಿ ಸಿಕ್ಕಿತು. ಮರುವರ್ಷ ಹೊಸ ಪ್ರಭೇದವೆಂದು ದಾಖಲಾಯಿತು. ಜಗತ್ತಿನಲ್ಲಿ ಅದು ಇರುವುದು ಈ ಒಂದೇ ಗವಿಯಲ್ಲಿ ಎಂದು ಬಹುಕಾಲ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡಿತು. ನಡುವಿನ ಸಾವಿರಾರು ಮೈಲಿಯಲ್ಲಿ ಅವು ಎಲ್ಲಿದ್ದವು? ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹೋಗುವ ಮಲಪ್ರಭೆ, ಅದೇ ತಾಲ್ಲೂಕಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿಯುವ ಮಹಾದಾಯಿ, ಇವೆರಡರ ನೀರಿನ ಸುತ್ತಲಿನ ಜಗಳ 2124ರಲ್ಲಿ ಹೇಗಿರುತ್ತದೆ ಎಂದು ಖಾನಾಪುರದವರಲ್ಲದೆ ಇನ್ನಾರು ಬರೆಯಬೇಕು?

ನನ್ನ ಬೇಡಿಕೆ ಇಷ್ಟು. ಕನ್ನಡದಲ್ಲಿ ವೈಜ್ಞಾನಿಕ ಹಾಗೂ ಅದ್ಭುತ ಕಥೆಗೆಂದೇ ಒಂದು ವಾರ್ಷಿಕ ಸ್ಪರ್ಧೆ ಬೇಕು, ಅದು ಬೆಳಗಾವಿಯಿಂದ ಹೊರಡಬೇಕು. ಮೊದಲ ಬಹುಮಾನ 25,000, ಎರಡನೆಯದು 15,000, ಮೂರನೆಯದು 10,000. ತೀರ್ಪುಗಾರರ ಗೌರವಧನ, ಅಂಚೆ, ಮುದ್ರಣ ಸೇರಿದರೂ ಲಕ್ಷ ರೂಪಾಯಿಯ ಆಚೀಚೆ ಮುಗಿಯುವ ಕೆಲಸ. ಬಸವರಾಜ ಕಟ್ಟೀಮನಿಯವರ ಹೆಸರಿನ ಪ್ರತಿಷ್ಠಾನ ಈ ಊರಲ್ಲೇ ಇದೆ, ವಿಶ್ವವಿದ್ಯಾಲಯವಿದೆ, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳು ಜಿಲ್ಲೆಯಲ್ಲಿವೆ. ತಲೆಗೆಣ್ಣೆಯ ವ್ಯಾಪಾರಿ ಮಾಡಿದ್ದನ್ನು ಇವರು ಮಾಡಲಾರರೇ? ನಿಯಮಗಳು ಕಡಿಮೆ ಇರಲಿ: ಹಾಳೆಯ ಮೇಲೆ ಹೆಸರು ಬೇಡ, ಪ್ರವೇಶಶುಲ್ಕ ಬೇಡ, ಹಕ್ಕು ಲೇಖಕರದು, ಗೆದ್ದ ಕಥೆ ಮುಂದಿನ ದೀಪಾವಳಿಯೊಳಗೆ ಮರಾಠಿಗೆ ಹೋಗಲಿ, ಆ ವರ್ಷದ ಮರಾಠಿಯ ಬಹುಮಾನಿತ ಕಥೆ ಕನ್ನಡಕ್ಕೆ ಬರಲಿ. ಅನುವಾದಕರಿಗೂ ಹಣ ಸಲ್ಲಲಿ, ಪುಟದ ಮೇಲೆ ಅವರ ಹೆಸರೂ ಇರಲಿ.